ಅಮೆರಿಕದ ವಲಸೆ ಪ್ರಕರಣ: ಪೌರತ್ವದ ಸುಳ್ಳು ಹೇಳಿಕೆ ಮತ್ತು ವಕೀಲರ ಬದಲಾವಣೆ

ಅಮೆರಿಕದ ಪ್ರಜೆಯಲ್ಲದವರು ಕೆಲಸ, ಮತದಾನ ಮುಂತಾದ ಪ್ರಯೋಜನಕ್ಕಾಗಿ ತಾವು ಅಲ್ಲಿನ ಪ್ರಜೆ ಎಂದು ಹೇಳಿಕೊಂಡರೆ ಅದು ವಲಸೆ ಕಾನೂನಿನಲ್ಲಿ ಪೌರತ್ವದ ಸುಳ್ಳು ಹೇಳಿಕೆ ಎನಿಸುತ್ತದೆ. ಓದಿಗೂ ಉದ್ಯೋಗಕ್ಕೂ ಹೋದ ಮಕ್ಕಳು, ಅವರ ಮೂಲಕ ಗ್ರೀನ್ ಕಾರ್ಡ್ ಪಡೆದ ತಂದೆ-ತಾಯಿಗಳು ಸಮಾಜದ ಅನೇಕ ಮನೆಗಳಲ್ಲಿ ಇರುವುದರಿಂದ ಈ ವಿಷಯ ತಿಳಿದಿರಬೇಕು.

ಇದು ಹೆಚ್ಚಾಗಿ ಎರಡು ಕಡೆ ನಡೆಯುತ್ತದೆ. ಒಂದು, ಕೆಲಸಕ್ಕೆ ಸೇರುವಾಗ ತುಂಬುವ ಐ-9 ನಮೂನೆ. ಅದರಲ್ಲಿ ಪ್ರಜೆ, ಗ್ರೀನ್ ಕಾರ್ಡ್ ಹೊಂದಿದವರು, ಕೆಲಸದ ಅನುಮತಿ ಇರುವ ವಿದೇಶಿಯರು ಎಂದು ಬೇರೆ ಬೇರೆ ಚೌಕಗಳಿವೆ. ಓದಲು ಹೋದ ಹುಡುಗ ಅನುಮತಿಯಿಲ್ಲದೆ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಸೇರಲು ಪ್ರಜೆಯ ಚೌಕಕ್ಕೆ ಗುರುತು ಹಾಕಿದರೆ ಆಯಿತು, ಸಂಕಟ ಅಲ್ಲಿಂದಲೇ ಶುರು. (2009ಕ್ಕಿಂತ ಹಿಂದಿನ ನಮೂನೆಯಲ್ಲಿ ‘ಸಿಟಿಜನ್ ಅಥವಾ ನ್ಯಾಷನಲ್’ ಎಂದು ಒಂದೇ ಚೌಕವಿತ್ತು. ಹಾಗಾಗಿ ಹಳೆಯ ಪ್ರಕರಣಗಳಲ್ಲಿ ವಾದಕ್ಕೆ ಸ್ವಲ್ಪ ಜಾಗವಿದೆ.) ಎರಡು, ಡ್ರೈವಿಂಗ್ ಲೈಸೆನ್ಸ್ ಕಚೇರಿ. 1993ರ ಕಾಯ್ದೆಯಂತೆ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಅರ್ಜಿಯ ಜೊತೆಗೇ ಮತದಾರರ ನೋಂದಣಿಯನ್ನೂ ಕೇಳುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಎಲ್ಲದಕ್ಕೂ ‘ಎಸ್’ ಎಂದು ಸಹಿ ಹಾಕಿ ಬರುವ ಅಪಾಯ ಇಲ್ಲಿದೆ. ಮುಂದೆ ಪೌರತ್ವಕ್ಕೆ ಎನ್-400 ಅರ್ಜಿ ಹಾಕಿದಾಗ, ಹಿಂದೆಂದಾದರೂ ಪ್ರಜೆ ಎಂದು ಹೇಳಿಕೊಂಡಿದ್ದೀರಾ, ಮತಕ್ಕೆ ಹೆಸರು ಬರೆಸಿದ್ದೀರಾ ಎಂಬ ಪ್ರಶ್ನೆ ಎದುರಾಗುತ್ತದೆ.

1996ರ ಸೆಪ್ಟೆಂಬರ್ 30ರಂದು ಅಥವಾ ಆಮೇಲೆ ಮಾಡಿದ ಇಂಥ ಹೇಳಿಕೆಗೆ ಗ್ರೀನ್ ಕಾರ್ಡಿನ ದಾರಿ ಶಾಶ್ವತವಾಗಿ ಮುಚ್ಚಬಹುದು. ಬೇರೆ ಕೆಲವು ಸುಳ್ಳುಗಳಿಗೆ ಹೆಂಡತಿ ಅಥವಾ ತಂದೆ-ತಾಯಿಯ ಕಷ್ಟ ತೋರಿಸಿ ವಿನಾಯಿತಿ ಕೇಳಬಹುದು. ಇದಕ್ಕೆ ಅದೂ ಇಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾದರೂ ಇದು ಅಳಿಯದು. ಗ್ರೀನ್ ಕಾರ್ಡ್ ಇದ್ದವರನ್ನೂ ಇದೇ ಕಾರಣಕ್ಕೆ ಗಡೀಪಾರು ಮಾಡಬಹುದು. ತಿಳಿಯದೆ ಆಯಿತು ಎಂಬ ಮಾತು ಅಲ್ಲಿ ಸಾಲದು ಎಂದು ವಲಸೆ ಮೇಲ್ಮನವಿ ಮಂಡಳಿ 2019ರಲ್ಲಿ ಹೇಳಿದೆ. ತಿಳಿದೇ ಹೇಳಿದ್ದಾದರೆ 3 ವರ್ಷದವರೆಗೆ ಜೈಲೂ ಆಗಬಹುದು. ಸಿಕ್ಕಿಬೀಳುವ ಮೊದಲೇ ತಾವಾಗಿ ಹೇಳಿಕೆ ಹಿಂತೆಗೆದುಕೊಂಡರೆ ಅದನ್ನು ಪರಿಗಣಿಸುತ್ತಾರೆ. ತಂದೆ-ತಾಯಿ ಇಬ್ಬರೂ ಪ್ರಜೆಗಳಾಗಿದ್ದು, 16 ತುಂಬುವ ಮೊದಲೇ ಅಲ್ಲಿ ಕಾಯಂ ನೆಲೆಸಿ, ತಾನೂ ಪ್ರಜೆಯೇ ಎಂದು ಸಕಾರಣವಾಗಿ ನಂಬಿದ್ದವರಿಗೆ ಕಾನೂನಿನಲ್ಲೇ ರಿಯಾಯಿತಿ ಇದೆ.

ಇಷ್ಟು ತಿಳಿದಾಗ ಮನೆಯವರು ಮೊದಲು ಯೋಚಿಸುವುದು ವಕೀಲರನ್ನು ಬದಲಿಸುವುದನ್ನು. ಬದಲಿಸುವ ಹಕ್ಕಿದೆ. ಆದರೆ ಗುಮಾಸ್ತ ಬದಲಾದರೆ ಹಳೆಯ ಕಿರ್ದಿ ಬದಲಾಗುತ್ತದೆಯೇ? ಹಿಂದೆ ಸಹಿ ಮಾಡಿದ್ದೆಲ್ಲ ಸರ್ಕಾರದ ಕಡತದಲ್ಲಿ ಹಾಗೇ ಇರುತ್ತದೆ. ಹೊಸ ವಕೀಲರ ಮುಂದೆ ಐ-9ರ ವಿಷಯ ಮುಚ್ಚಿಟ್ಟರೆ ಅವರೂ ತಪ್ಪು ಅರ್ಜಿಯನ್ನೇ ಹಾಕುತ್ತಾರೆ.

ಅರ್ಜಿ ವಲಸೆ ಇಲಾಖೆಯಲ್ಲಿದ್ದರೆ ಹೊಸ ವಕೀಲರೂ ಕಕ್ಷಿದಾರರೂ ಸಹಿ ಮಾಡಿದ ಜಿ-28 ನಮೂನೆ ಸಲ್ಲಿಸಬೇಕು. ಪ್ರಕರಣ ವಲಸೆ ನ್ಯಾಯಾಲಯದಲ್ಲಿದ್ದರೆ ಹೊಸ ವಕೀಲರು ಇಒಐಆರ್-28 ನಮೂನೆಯೊಂದಿಗೆ, ಕಾರಣ ತಿಳಿಸಿ ನ್ಯಾಯಾಧೀಶರ ಅನುಮತಿ ಕೇಳಬೇಕು. ಅನುಮತಿ ಸಿಗುವವರೆಗೆ ಹಳೆಯವರೇ ದಾಖಲೆಯ ವಕೀಲರು. ಅವರಿಗೆ ತಲುಪಿದ ನೋಟಿಸು ಕಕ್ಷಿದಾರರಿಗೆ ತಲುಪಿದಂತೆಯೇ. ವಕೀಲರು ಬದಲಾದರೆಂದು ವಿಚಾರಣೆಯ ದಿನ ತಾನಾಗಿ ಮುಂದೆ ಹೋಗುವುದಿಲ್ಲ, ಅಂದು ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಆಗಬಹುದು. ಆದ್ದರಿಂದ ಹಳೆಯ ವಕೀಲರಿಂದ ಪೂರ್ತಿ ಕಡತವನ್ನು ಮೊದಲೇ ಕೇಳಿ ಪಡೆಯಬೇಕು. ಸರ್ಕಾರದಲ್ಲಿರುವ ಪ್ರತಿಯನ್ನು ನಮ್ಮ ಆರ್‌ಟಿಐ ಹೋಲುವ ಅಲ್ಲಿನ ಮಾಹಿತಿ ಕಾಯ್ದೆಯಡಿ ಕೇಳಬಹುದು.

ಹಿಂದಿನ ವಕೀಲರ ತಪ್ಪಿನಿಂದಲೇ ಹಾನಿಯಾಯಿತು ಎನ್ನುವವರು 1988ರ ಲೊಜಾಡಾ ತೀರ್ಪಿನಂತೆ ನಡೆಯಬೇಕು. ವಕೀಲರು ಏನು ಮಾಡಲು ಒಪ್ಪಿದ್ದರು, ಏನು ಮಾಡಿದರು ಎಂಬ ಪ್ರಮಾಣಪತ್ರ ಬೇಕು. ಅವರಿಗೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಟ್ಟಿರಬೇಕು. ವಕೀಲರ ಶಿಸ್ತು ಪ್ರಾಧಿಕಾರಕ್ಕೆ ದೂರು ಕೊಟ್ಟಿರಬೇಕು, ಇಲ್ಲವೇ ಕೊಡದ ಕಾರಣ ಹೇಳಬೇಕು. ಅಂತಿಮ ಆದೇಶವಾದ ಮೇಲೆ ಪ್ರಕರಣ ಮತ್ತೆ ತೆರೆಯಲು ಅರ್ಜಿ ಹಾಕುವ ಗಡುವು ಸಾಮಾನ್ಯವಾಗಿ 90 ದಿನ.