ರಾಗಿ ಹಿಂದೆ ಬಿಟ್ಟುಬಂದ ನೆಂಟರು

ಕಳೆದ ಸುಗ್ಗಿಯಲ್ಲಿ ವರದಿಗೆಂದು ಊರೂರು ಸುತ್ತುವಾಗ ನಾವು ಕಣದಲ್ಲಿ ಸಿಕ್ಕ ರೈತರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆವು: 'ಯಾವ ರಾಗಿ ಹಾಕಿದ್ದೀರಿ?' ಹೆಚ್ಚಿನವರ ಬಾಯಲ್ಲಿ ಬಂದದ್ದು ಒಂದೆರಡೇ ತಳಿಗಳ ಹೆಸರು. ಗಿಡ್ಡ ರಾಗಿ, ಗುಟ್ಟೆ ರಾಗಿ, ಬಿಳಿ ರಾಗಿಯ ಬೀಜ ಇದೆಯೇ ಎಂದರೆ, 'ಅವೆಲ್ಲ ಹೋದವು ಬಿಡಿ' ಎಂಬ ಉತ್ತರ. ಹೋದವು ಎಂದರೆ ನಿಜಕ್ಕೂ ಏನು ಹೋಯಿತು? ಇದನ್ನು ತಿಳಿಯಲು ರಾಗಿಯ ಚರಿತ್ರೆಯನ್ನು ಬುಡದಿಂದ ನೋಡಬೇಕು.

ರಾಗಿ ಭಾರತದಲ್ಲೇ ಹುಟ್ಟಿತೆಂದು ನಂಬಿದವರು ಹಿಂದೆ ಇದ್ದರು. 19ನೇ ಶತಮಾನದ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಅಭಿಪ್ರಾಯವೂ ಅದೇ. ಆದರೆ ರಾಗಿಯ ಕಾಡು ಪೂರ್ವಜ ಬೆಳೆಯುವುದು ಆಫ್ರಿಕಾದಲ್ಲಿ. 1970ರ ದಶಕದಲ್ಲಿ ಹಿಲು ಮತ್ತು ಡಿ ವೆಟ್ ಎಂಬ ವಿಜ್ಞಾನಿಗಳು ಈ ಹುಲ್ಲುಗಳನ್ನು ಹೋಲಿಸಿ ನೋಡಿದ ಮೇಲೆ, ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ಸೀಮೆಯೇ ರಾಗಿಯ ತವರು ಎಂಬ ಮಾತು ಗಟ್ಟಿಯಾಯಿತು. ಅಲ್ಲಿ ಸುಮಾರು 5,000 ವರ್ಷಗಳ ಹಿಂದೆ ಅದು ಬೆಳೆಯಾಯಿತು, ಆಮೇಲೆ ಕಡಲು ದಾಟಿ ನಮ್ಮತ್ತ ಬಂತು ಎನ್ನುತ್ತಾರೆ.

ಆ ಕಾಡು ಪೂರ್ವಜ ಹುಟ್ಟಿದ್ದು ಎರಡು ಬೇರೆ ಬೇರೆ ಹುಲ್ಲುಗಳ ಬೆರಕೆಯಿಂದ. ಅವುಗಳಲ್ಲಿ ಒಂದು ನಮ್ಮ ಬದುಗಳಲ್ಲೂ ಕಳೆಯಾಗಿ ಬೆಳೆಯುವ ಕಾಡು ರಾಗಿಯ ಜಾತಿ. ಇನ್ನೊಂದು ಯಾವುದೆಂದು ಈವರೆಗೆ ಪತ್ತೆಯಾಗಿಲ್ಲ. ಸಾಮಾನ್ಯವಾಗಿ ಇಂಥ ಬೆರಕೆ ಸಸಿ ಬಂಜೆಯಾಗುತ್ತದೆ, ಏಕೆಂದರೆ ಅದರ ಕ್ರೋಮೋಸೋಮುಗಳಿಗೆ ಜೋಡಿ ಸಿಗುವುದಿಲ್ಲ. ಇಲ್ಲಿ ಕ್ರೋಮೋಸೋಮುಗಳೇ ದುಪ್ಪಟ್ಟಾದವು, ಜೋಡಿ ಕೂಡಿತು, ಕಾಳು ಕಟ್ಟಿತು. ಅದಕ್ಕೇ ಬದುವಿನ ಕಾಡು ರಾಗಿಯಲ್ಲಿ 18 ಕ್ರೋಮೋಸೋಮುಗಳಿದ್ದರೆ ನಮ್ಮ ರಾಗಿಯಲ್ಲಿ 36.

ಮುಂದಿನ ಕೆಲಸ ಕುಡುಗೋಲಿನದು. ಕಾಡಿನ ಗಿಡಕ್ಕೆ ಮಾಗಿದ ಕಾಳು ಉದುರಿದರೇ ಲಾಭ, ವಂಶ ಬೆಳೆಯುವುದು ಹಾಗೆ. ಕೊಯ್ಯುವವರ ಕೈಗೆ ಸಿಗುವುದು ಉದುರದೆ ತೆನೆಯಲ್ಲೇ ಉಳಿದ ಕಾಳು. ಮರುವರ್ಷ ಬಿತ್ತುವುದೂ ಅದನ್ನೇ. ಹೀಗೆ ಉದುರದ ಗುಣದ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಿ ಕೊನೆಗೆ ಹೊಲವೆಲ್ಲ ಅದೇ ಆಯಿತು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

ಆದರೆ ಕಡಲು ದಾಟುವಾಗ ಇಡೀ ಸಂತತಿ ಬರುವುದಿಲ್ಲ, ಗಂಟಿನಲ್ಲಿ ಕಟ್ಟಿದಷ್ಟೇ ಬರುತ್ತದೆ. ಆ ಬೀಜದಲ್ಲಿ ಇಲ್ಲದ ಗುಣ ಹೊಸ ನಾಡಿನಲ್ಲೂ ಇರುವುದಿಲ್ಲ. ಜೊತೆಗೆ ರಾಗಿಯದು ಬಹುಪಾಲು ಸ್ವಪರಾಗಸ್ಪರ್ಶ. ಒಂದು ಹೂವಿನ ಪರಾಗ ಅದೇ ಹೂವಿಗೆ. ಅಪರೂಪಕ್ಕೆ ಎರಡು ತಳಿ ಬೆರೆತರೂ ಆ ಬೆರಕೆ ಪ್ರತಿ ಪೀಳಿಗೆಗೆ ಅರ್ಧಕ್ಕಿಳಿಯುತ್ತದೆ: ನೂರು, ಐವತ್ತು, ಇಪ್ಪತ್ತೈದು. ಏಳನೇ ಪೀಳಿಗೆಗೆ ಶೇ. 2ಕ್ಕೂ ಕಡಿಮೆ. ಹಾಗಾಗಿ ಪ್ರತಿ ಊರಿನ ರಾಗಿಯೂ ಅಲ್ಲಲ್ಲಿನ ಮಣ್ಣು, ಮಳೆಗೆ ಒಗ್ಗಿ ತನ್ನದೇ ಗುಣದಲ್ಲಿ ನಿಂತಿತು. ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಡುತ್ತಿದ್ದ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ತಳಿ ಆಯ್ಕೆಯೇ.

ಈ ಕಥೆಗೆ ತಿರುವು ಕೊಟ್ಟವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ 'ರಾಗಿ ಲಕ್ಷ್ಮಣಯ್ಯ'. ರಾಗಿ ಹೂವು ಬಲು ಚಿಕ್ಕದು, ಅರಳುವುದು ನಸುಕಿನಲ್ಲಿ. ಅದರ ಕೇಸರ ಕಿತ್ತು ಬೇರೆ ಪರಾಗ ಹಾಕುವುದು ಬಹಳ ಕಷ್ಟ. ಅದಕ್ಕೇ ತಳಿಗಾರರು ಎರಡು ತಳಿಯ ತೆನೆಗಳನ್ನು ಒಟ್ಟಿಗೆ ಕಟ್ಟುವ ಉಪಾಯ ಮಾಡಿದರು. ಹಸಿರು ಕಡ್ಡಿಯ ತಾಯಿಗೆ ನೇರಳೆ ಬಣ್ಣದ ತಂದೆಯನ್ನು ಜೋಡಿಸಿದರೆ, ಸಸಿಗಳಲ್ಲಿ ನೇರಳೆ ಕಂಡದ್ದು ಮಾತ್ರ ಬೆರಕೆ. ಲಕ್ಷ್ಮಣಯ್ಯನವರು ಮೊದಲು ಇಲ್ಲಿನ ರಾಗಿಗಳನ್ನೇ ಕೂಡಿಸಿ ಪೂರ್ಣ, ಅನ್ನಪೂರ್ಣ, ಕಾವೇರಿಯಂಥ ತಳಿಗಳನ್ನು ಕೊಟ್ಟರು. ಆಮೇಲೆ ದಪ್ಪ ಕಡ್ಡಿ, ಒತ್ತಾದ ತೆನೆಯ ಆಫ್ರಿಕಾದ ರಾಗಿಯನ್ನು ತರಿಸಿ ನಮ್ಮದರ ಜೊತೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿದ 'ಇಂಡಾಫ್' ಬಂದದ್ದು ಹೀಗೆ. ಇಳುವರಿ ಏರಿತು. ಸಾವಿರಾರು ವರ್ಷಗಳ ಹಿಂದೆ ಬಿಟ್ಟುಬಂದ ನೆಂಟರು ಮತ್ತೆ ಒಂದೇ ತೆನೆಯಲ್ಲಿ ಸೇರಿದರು.

ಇಂದು ನಮ್ಮ ಕಡೆ ಮನೆಮಾತಾಗಿರುವ, ಬೆಂಕಿ ರೋಗ ತಡೆಯುವ ಜಿಪಿಯು-28ರ ಹೆತ್ತವರ ಸಾಲಿನಲ್ಲೂ ಇಂಡಾಫ್ ಇದೆ. ರೈತರು ಅದನ್ನು ಒಪ್ಪಿದ್ದು ತಪ್ಪಲ್ಲ. ರೋಗಕ್ಕೆ ಬೆಳೆ ಸುಟ್ಟುಹೋದವರಿಗೆ ಅದರ ಬೆಲೆ ಗೊತ್ತು. ಆದರೆ ರೋಗದ ಶಿಲೀಂಧ್ರವೂ ಬದಲಾಗುತ್ತಲೇ ಇರುತ್ತದೆ. ಹೊಲಗಳೆಲ್ಲ ಒಂದೇ ತಳಿಯಾದರೆ ಅದು ಒಂದು ಬೀಗ ತೆರೆದರೆ ಸಾಕು, ಎಲ್ಲ ಮನೆಯೂ ತೆರೆದಂತೆ. ಆಗ ಹೊಸ ಬೀಗಕ್ಕೆ ನಾವು ಹುಡುಕಬೇಕಾದದ್ದು 'ಹೋದವು ಬಿಡಿ' ಎಂದ ಆ ಹಳೆಯ ರಾಗಿಗಳಲ್ಲೇ.

ಬೀಜ ಬ್ಯಾಂಕುಗಳ ಶೀತಗೃಹದಲ್ಲಿ ಸಾವಿರಾರು ರಾಗಿ ಮಾದರಿಗಳು ಭದ್ರವಾಗಿವೆ, ನಿಜ. ಆದರೆ ಅಲ್ಲಿ ಬೀಜ ನಿದ್ದೆ ಮಾಡುತ್ತದೆ. ಮಳೆ ಕೈಕೊಟ್ಟ ವರ್ಷ, ರೋಗ ಹೆಚ್ಚಾದ ವರ್ಷ ಅದಕ್ಕೆ ಗೊತ್ತಾಗುವುದಿಲ್ಲ. ಬೀಜ ಕಲಿಯುವುದು ಹೊಲದಲ್ಲಿ. ನಮ್ಮ ಸುತ್ತಾಟದ ಕೊನೆಯ ಊರಿನಲ್ಲಿ ಅಜ್ಜಿಯೊಬ್ಬರು ಗುಡಾಣದ ತಳದಿಂದ ಬೊಗಸೆ ಗಿಡ್ಡ ರಾಗಿ ತೆಗೆದು ತೋರಿಸಿದರು. ಪ್ರತಿ ವರ್ಷ ನಾಲ್ಕು ಸಾಲು ಹಾಕುತ್ತಾರಂತೆ. ಯಾಕಜ್ಜಿ ಎಂದರೆ, 'ಇರ್ಲಿ ಅಂತ' ಎಂದರು. ಈ ಮುಂಗಾರಿಗೆ ಆ ನಾಲ್ಕು ಸಾಲು ಇನ್ನೂ ನಾಲ್ಕು ಹೊಲದಲ್ಲಿ ಬಂದರೆ ನಮ್ಮ ಈ ಬರಹ ಸಾರ್ಥಕ.