ಪೊರ್ಬುಗಳ ಮನೆಯ ಹಳೆಯ ಕಾಗದಗಳು

ನಾವು ಎಂಟನೇ ತರಗತಿಯಲ್ಲಿದ್ದಾಗ ಹಾಜರಿ ಪುಸ್ತಕದಲ್ಲಿ ಐದು ಮಂದಿ ಡಿಸೋಜರಿದ್ದರು. ಅವರಲ್ಲಿ ಇಬ್ಬರ ಹೆಸರೂ ಒಂದೇ. ಹೆಸರು ಕರೆಯುವಾಗ ನಮ್ಮ ಮಾಸ್ಟ್ರು "ಬಾವಿ ಹತ್ತಿರದ ಡಿಸೋಜ", "ಗುಡ್ಡೆ ಮೇಲಿನ ಡಿಸೋಜ" ಎಂದು ಗುರುತಿಟ್ಟುಕೊಂಡಿದ್ದರು. ನಾನು ಗುಡ್ಡೆ ಮೇಲಿನವನು. ಒಂದು ದಿನ ಸಮಾಜ ಪಾಠದಲ್ಲಿ ಪೋರ್ಚುಗೀಸರು ಗೋವೆಗೆ ಬಂದ ವಿಷಯ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಹಾಗಾದರೆ ಇವರೆಲ್ಲ ಪರಂಗಿಯವರಾ ಸರ್?" ಎಂದು ಕೇಳಿದ. ತರಗತಿಯಿಡೀ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಮನೆಗೆ ಹೋದವನೇ ಅಜ್ಜನಲ್ಲಿ ಕೇಳಿದೆ. ಮಲ್ಲಿಗೆ ಗಿಡದ ಬುಡ ಬಿಡಿಸುತ್ತಿದ್ದ ಅಜ್ಜ ತಲೆ ಎತ್ತದೆ, "ನಾವು ಗೋವೆಯವರು. ಹಡಗಿನಲ್ಲಿ ಸೀದಾ ಇಲ್ಲಿಗೆ ಬಂದದ್ದು" ಎಂದರು. ಯಾವಾಗ ಎಂದರೆ, "ಅದು ಬಹಳ ಹಿಂದೆ" ಎಂದರು. ಅಲ್ಲಿಗೆ ಮುಗಿಯಿತು.

ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡೆ.

ಮೊದಲು ನಾನು ಹಿಡಿದದ್ದು ಡಿಸೋಜ ಎಂಬ ಹೆಸರನ್ನೇ. ಅದು ತಪ್ಪು ದಾರಿ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಸೋಜ ಅಥವಾ ಸೌಜ ಎಂಬುದು ಪೋರ್ಚುಗಲ್‌ನ ಒಂದು ನದಿಯ ಹೆಸರು. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ, ಲೋಬೊ ಎಂದರೆ ತೋಳ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ. ಗೋವೆಯಲ್ಲಿ ಜ್ಞಾನಸ್ನಾನ ಪಡೆದವರಿಗೆ ಅಲ್ಲಿನ ಪಾದ್ರಿಯದ್ದೋ, ಜ್ಞಾನಸ್ನಾನದ ತಂದೆಯಾಗಿ ನಿಂತವನದ್ದೋ ಹೆಸರು ಬರುತ್ತಿತ್ತು. ಹೀಗಾಗಿ ಒಂದೇ ದಿನ ಒಂದೇ ಇಗರ್ಜಿಯಲ್ಲಿ ಸಂಬಂಧವೇ ಇಲ್ಲದ ಹತ್ತು ಮನೆಗಳು ಡಿಸೋಜರಾಗಬಹುದಿತ್ತು. ಹೆಸರಿನ ಬೆನ್ನು ಹತ್ತಿದರೆ ಸಿಗುವುದು ಆ ಪಾದ್ರಿ, ನಮ್ಮ ಅಜ್ಜನಲ್ಲ. ಇದು ನಮ್ಮೊಬ್ಬರ ಕಷ್ಟವೇನೂ ಅಲ್ಲ. ಇಂಗ್ಲೆಂಡಿನ ಪಕ್ಕದ ವೇಲ್ಸ್ ದೇಶದಲ್ಲಿ ಹಿಂದೆ ಮನೆತನದ ಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು ಎನ್ನುತ್ತಿದ್ದರು. ರೀಸ್‌ನ ಮಗ ಎಂಬರ್ಥದ 'ಆಪ್ ರೀಸ್' ಎಂಬುದೇ ಮುಂದೆ 'ಪ್ರೈಸ್' ಆಯಿತು. ಕೊನೆಗೆ ಜೋನ್ಸ್, ಡೇವಿಸ್, ವಿಲಿಯಮ್ಸ್ ಎಂಬ ಕೆಲವೇ ಹೆಸರುಗಳು ದೇಶವಿಡೀ ತುಂಬಿಕೊಂಡವು. ಅಮೆರಿಕಕ್ಕೆ ಹೋದ ವೇಲ್ಸಿನವರ ಮೊಮ್ಮಕ್ಕಳು ತಮ್ಮ ಮೂಲ ಹುಡುಕಲು ಹೊರಟರೆ ಸಾವಿರಾರು ಜೋನ್ಸ್‌ಗಳ ನಡುವೆ ತಮ್ಮ ಜೋನ್ಸ್ ಯಾರೆಂದು ತಿಳಿಯದೆ ಕೂರುತ್ತಾರೆ. ಅಲ್ಲಿನ ಹಳ್ಳಿಗಳಲ್ಲಿ 'ಹಾಲಿನ ಜೋನ್ಸ್', 'ರೊಟ್ಟಿಯ ಜೋನ್ಸ್' ಎಂದು ಕರೆಯುವ ರೂಢಿಯಿದೆ ಎಂದು ಓದಿದಾಗ ನನಗೆ ನಮ್ಮ ಮಾಸ್ಟ್ರ ನೆನಪಾಯಿತು.

ಇನ್ನು ಗೋವೆ ಬಿಟ್ಟದ್ದು ಏಕೆ? 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮ ವಿಚಾರಣಾ ನ್ಯಾಯಾಲಯ ಬಂತು. ಕ್ರೈಸ್ತರಾದ ಮೇಲೂ ಹಳೆಯ ಉಡುಗೆ, ಮದುವೆಯ ವೀಳ್ಯ, ಅಂಗಳದ ತುಳಸಿ ಇಟ್ಟುಕೊಂಡವರಿಗೆ ಅದು ದೊಡ್ಡ ಹೆದರಿಕೆ. 1683ರಲ್ಲಿ ಸಂಭಾಜಿಯ ಸೈನ್ಯ ಬಾರ್ದೇಸ್, ಸಾಷ್ಟಿಗಳ ಮೇಲೆ ಬಿತ್ತು. ಮರುವರ್ಷವೇ ಕೊಂಕಣಿ ಮಾತು ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂಬ ಆಜ್ಞೆ ಹೊರಟಿತು. ಬರಗಾಲ, ತೆರಿಗೆ, ರೋಗ ಬೇರೆ. ಇತ್ತ ಕೆನರಾ ಕೆಳದಿಯ ನಾಯಕರ ಕೈಯಲ್ಲಿತ್ತು. ಗೋವೆ ಉಣ್ಣುತ್ತಿದ್ದ ಅಕ್ಕಿಯ ಬಹುಪಾಲು ಹೋಗುತ್ತಿದ್ದುದು ನಮ್ಮ ಬಸ್ರೂರು, ಮಂಗಳೂರುಗಳಿಂದ. ಅಕ್ಕಿ ಇಳಿಸಿ ಬರಿದಾಗಿ ಮರಳುವ ಮಂಜಿಗಳಲ್ಲಿ ಜನ ಬಂದರು. ಗದ್ದೆ ಕೆಲಸ ಬಲ್ಲವರು ಕೆಳದಿಯವರಿಗೆ ಬೇಕಾಗಿದ್ದರು. 1678ರ ಒಪ್ಪಂದದಲ್ಲಿ ಇಗರ್ಜಿ ಕಟ್ಟಲೂ ಒಪ್ಪಿಗೆ ಸಿಕ್ಕಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಆ ಕಾಲದ್ದು. ನನ್ನ ಹಿರಿಯರು ಪರಂಗಿಯವರಲ್ಲ, ಪರಂಗಿಯವರ ಕಾಟ ತಾಳದೆ ಬಂದವರಿರಬೇಕು ಎಂದು ನನಗೆ ಹೊಳೆದದ್ದು ಇದನ್ನೆಲ್ಲ ಓದುವಾಗ. ಅದನ್ನು ಆ ಹಿಂದಿನ ಬೆಂಚಿನವನಿಗೆ ಹೇಳಬೇಕೆಂದಿದ್ದೆ. ಅವನೀಗ ಮುಂಬಯಿಯಲ್ಲಿದ್ದಾನೆ. ಫೋನಿನಲ್ಲಿ ಹೇಳಿದೆ, ಅವನಿಗೆ ಆ ಮಾತೇ ನೆನಪಿಲ್ಲ.

ಓದಿದ್ದು ಸಮುದಾಯದ ಕಥೆ. ನಮ್ಮ ಮನೆಯ ಕಥೆಗೆ ಕಾಗದ ಬೇಕು. ಇಗರ್ಜಿಯಲ್ಲಿ ಜ್ಞಾನಸ್ನಾನದ ಪುಸ್ತಕಗಳಿರುತ್ತವೆ: ಮಗುವಿನ ಹೆಸರು, ತಂದೆ ತಾಯಿ, ಅವರ ಊರು, ಜ್ಞಾನಸ್ನಾನದ ತಂದೆ ತಾಯಿ. ಹಳೆಯವು ಲ್ಯಾಟಿನ್ ಭಾಷೆಯಲ್ಲಿ. ಫಾದರ್ ಪಕ್ಕದಲ್ಲಿ ಕುಳಿತು ಓದಿ ಹೇಳಿದರು. ಹೊಸ ಇಗರ್ಜಿಗಳೆಲ್ಲ ಹಳೆಯವುಗಳಿಂದ ಬೇರೆಯಾದವು, ಆದ್ದರಿಂದ ಒಂದರಲ್ಲಿ ಎಳೆ ಕಡಿದರೆ ಅದರ ತಾಯಿ ಇಗರ್ಜಿಗೆ ಹೋಗಬೇಕು. ಹೀಗೆ ಹೋದರೂ ಒಂದು ಕಡೆ ಗೋಡೆ ಅಡ್ಡ ಬರುತ್ತದೆ. 1784ರ ಫೆಬ್ರವರಿ ಕೊನೆಗೆ, ಬೂದಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. ಇಗರ್ಜಿಗಳು ನೆಲಸಮವಾದವು. ಒಯ್ದವರೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಅಲ್ಲೇ ಸೆರೆಯಲ್ಲಿದ್ದ ಇಂಗ್ಲಿಷನೊಬ್ಬ 30,000 ಎಂದ. ಟಿಪ್ಪುವಿನ ಕಡೆಯ ಬರಹದಲ್ಲೇ 60,000 ಎಂದಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿದರು, ಕೆಲವರು ಕೊಡಗಿನ ವಿರಾಜಪೇಟೆಯಲ್ಲಿ ನಿಂತರು. ಇಂದು ನಮ್ಮ ಪ್ರತಿಯೊಂದು ಮನೆಯೂ ತಾನು ಸೆರೆಯಿಂದ ಬಂದ ಮನೆ ಎನ್ನುತ್ತದೆ. ಅಡಗಿ ಉಳಿದವರೂ, ನೆರೆಯವರು ಅಡಗಿಸಿ ಉಳಿಸಿದವರೂ ಇದ್ದಿರಲೇಬೇಕಲ್ಲ? ಅವರ ಸಂತತಿ ಎಲ್ಲಿ ಹೋಯಿತೆಂದು ನಾನು ನಮ್ಮವರಲ್ಲಿ ಕೇಳುವುದುಂಟು. ಉತ್ತರ ಬರುವುದಿಲ್ಲ.

ನನಗೆ ಸಿಕ್ಕ ಅತಿ ಹಳೆಯ ಹೆಸರು ಅಜ್ಜನ ಅಜ್ಜನದ್ದು. ಪುಸ್ತಕದಲ್ಲಿ 'ಜೊವಾನ್ನೆಸ್' ಎಂದಿದೆ. ಅವನ ತಂದೆಯ ಊರು ಕಲ್ಯಾಣಪುರ! ಇಲ್ಲಿಂದ ಒಂದು ದಿನದ ನಡಿಗೆ. ತಾಯಿಯದ್ದೂ ಅಲ್ಲಿಯೇ. ಗೋವೆಯಿಂದ ಸೀದಾ ಇಲ್ಲಿಗೆ ಎಂದಿದ್ದ ಅಜ್ಜನ ಹಡಗು ಅಲ್ಲಿಗೆ ಮುಳುಗಿತು. ಬಂದವರು ಒಂದೇ ಸಲ ಬಂದದ್ದಲ್ಲ. ಒಂದು ತಲೆಮಾರು ಕಲ್ಯಾಣಪುರದಲ್ಲಿ ಉತ್ತಿತು, ಮುಂದಿನದು ಗೇಣಿಗೆ ನೆಲ ಸಿಕ್ಕಿದಲ್ಲಿಗೆ ದಕ್ಷಿಣಕ್ಕೆ ಸರಿಯಿತು.

ಆ ಸರಿದದ್ದಕ್ಕೆ ಸಾಕ್ಷಿ ಇಗರ್ಜಿಯಲ್ಲಿ ಅಲ್ಲ, ನಮ್ಮದೇ ಅಟ್ಟದ ಮೇಲಿತ್ತು. 1974ರಲ್ಲಿ ಭೂಸುಧಾರಣೆ ಬಂದಾಗ ಊರಿನ ಒಕ್ಕಲುಗಳೆಲ್ಲ ಡಿಕ್ಲರೇಶನ್ ಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಫಾರಂ 7 ತುಂಬಿಸಿ, ಈ ಗದ್ದೆ ನಾವೇ ಮಾಡುತ್ತಿರುವುದು ಎಂದು ಭೂನ್ಯಾಯ ಮಂಡಳಿಯ ಮುಂದೆ ತೋರಿಸಬೇಕಿತ್ತು. ಅಜ್ಜ ಅದಕ್ಕಾಗಿ ಸಿಕ್ಕಿದ ಗೇಣಿ ಚೀಟಿಗಳನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರು. ಇಷ್ಟು ಮುಡಿ ಅಕ್ಕಿ ಸಂದಾಯ, ಇಷ್ಟು ಬಾಕಿ. ಬೈಲು ಗದ್ದೆ ಒಂದು, ಬೆಟ್ಟು ಗದ್ದೆ ಎರಡು. ಅತಿ ಹಳೆಯ ಚೀಟಿ ಮೂಲೆ ಹರಿದು ಹೋಗಿದೆ. ಧಣಿಗಳ ಮನೆಯ ಲೆಕ್ಕ ಬರೆಯುವವರ ಕೈಬರಹದಲ್ಲಿ ಒಕ್ಕಲಿನ ಹೆಸರು ಕನ್ನಡದಲ್ಲಿದೆ: 'ಜುವಾಂ ಪೊರ್ಬು'.

ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತೆ. ಪಾದ್ರಿಗಳ ಲ್ಯಾಟಿನ್ ಜೊವಾನ್ನೆಸ್, ಮನೆಯ ಕೊಂಕಣಿಯ ಜುವಾಂವ್, ಧಣಿಗಳ ಜುವಾಂ, ಮೂವರೂ ಒಬ್ಬನೇ. ಡಿಸೋಜ ಎಂಬುದು ಚೀಟಿಯಲ್ಲಿ ಎಲ್ಲಿಯೂ ಇಲ್ಲ. ನಮ್ಮ ತುಳುವ ನೆರೆಯವರು ಇಂದಿಗೂ ನಮ್ಮ ಗಂಡಸರನ್ನು ಪೊರ್ಬುಳೆ ಎಂದೂ, ಹೆಂಗಸರನ್ನು ಬಾಯಮ್ಮ ಎಂದೂ ಕರೆಯುತ್ತಾರೆ. ಪೊರ್ಬು ಎಂದರೆ ಪ್ರಭು. ಜ್ಞಾನಸ್ನಾನಕ್ಕಿಂತ ಮೊದಲು ಗೋವೆಯಲ್ಲಿ ಎಷ್ಟೋ ಮನೆಗಳಿಗಿದ್ದ ಹೆಸರು ಅದು. ನಮ್ಮ ಮನೆಯದ್ದೂ ಅದೇ ಆಗಿತ್ತೆಂದು ನಾನು ಹೇಳಲಾರೆ, ತುಳುವರು ಎಲ್ಲರನ್ನೂ ಹಾಗೇ ಕರೆಯುತ್ತಾರೆ. ಆದರೆ ನಾವು ಮರೆತ ಒಂದು ಮಾತನ್ನು ನೆರೆಯವರು ಇಷ್ಟು ಕಾಲ ಬಾಯಲ್ಲಿ ಇಟ್ಟುಕೊಂಡದ್ದು ನಿಜ.

ಹಾಗಾದರೆ ಡಿಸೋಜ ನಮಗೆ ಗಟ್ಟಿಯಾಗಿ ಅಂಟಿಕೊಂಡದ್ದು ಎಲ್ಲಿ? ಇಗರ್ಜಿಯ ಪುಸ್ತಕ ಬಿಟ್ಟರೆ, ಶಾಲೆಯಲ್ಲಿ. ಅಪ್ಪನ ಹೆಸರಿನ ಮುಂದೆ ಅದನ್ನು ಕನ್ನಡದಲ್ಲಿ ಮೊದಲು ಬರೆದವರು ಪ್ರಾಥಮಿಕ ಶಾಲೆಯ ಒಬ್ಬ ಮಾಸ್ಟ್ರು. ನನ್ನದು, ನನ್ನ ತಂಗಿಯರದ್ದು ನಮ್ಮ ಈ ಹೈಸ್ಕೂಲಿನ ದಾಖಲಾತಿ ಪುಸ್ತಕದಲ್ಲಿದೆ. ಈ ಲೇಖನಕ್ಕಾಗಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದನ್ನು ತೆರೆದು ನೋಡಿದೆ. ಡಿಸೋಜರು, ಶೆಟ್ಟರು, ಪೂಜಾರಿಗಳು, ಆಚಾರ್ಯರು, ಸಾಹೇಬರು, ಎಲ್ಲರ ಮಕ್ಕಳೂ ಒಂದೇ ಶಾಯಿಯಲ್ಲಿ ಸಾಲಾಗಿದ್ದಾರೆ. ಮಾತೃಭಾಷೆಯ ಅಂಕಣದಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ. ಮನೆಯ ಹೆಸರಿಗೆ ಅಂಕಣವಿಲ್ಲ. ನೂರು ವರ್ಷ ಕಳೆದು ಯಾರಾದರೂ ಮೊಮ್ಮಕ್ಕಳು ಹುಡುಕಿಕೊಂಡು ಬಂದರೆ 'ಗುಡ್ಡೆ ಮೇಲಿನ' ಎಂಬುದು ಅವರಿಗೆ ಸಿಗುವುದಿಲ್ಲ. ಮೊದಲ ಸಂಪುಟದ ಬೆನ್ನು ಬಿಚ್ಚಿದೆ, ಕೊನೆಯ ಕೆಲವು ಹಾಳೆಗಳನ್ನು ಗೆದ್ದಲು ಮುಟ್ಟಿದೆ. ಮಹೋತ್ಸವದ ಖರ್ಚು ಕಳೆದು ಹಣ ಉಳಿದರೆ ಮೊದಲು ಅದಕ್ಕೊಂದು ಬೈಂಡ್ ಹಾಕಿಸಿ ಎಂದು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ. ಉಳಿಯದಿದ್ದರೆ ನನಗೆ ಹೇಳಿ, ನಮ್ಮ ಮನೆಯಲ್ಲಿ ಈ ಸಲ ಮಲ್ಲಿಗೆ ಚೆನ್ನಾಗಿ ಬಿಟ್ಟಿದೆ.