ಸಮುದ್ರದ ಉಸಿರು ಅಳೆದ ಹೈಪೊ

ಮಂಗಳೂರು ಕಡೆಯವರಿಗೆ ಬೂತಾಯಿ ಮೀನು ಗೊತ್ತಲ್ಲ, ಅದರ ನೆಂಟನೇ ಇಲ್ಲಿನ ಸಾರ್ಡಿನ್. 1930ರ ದಶಕದಲ್ಲಿ ಲಾಸ್ ಏಂಜಲೀಸ್ ಬಂದರಿನ ಸ್ಯಾನ್ ಪೆಡ್ರೋದಲ್ಲಿ ಡಬ್ಬಿ ಮೀನಿನ ಕಾರ್ಖಾನೆಗಳು ಇದನ್ನೇ ನಂಬಿಕೊಂಡಿದ್ದವು. 1940ರ ದಶಕದ ಕೊನೆಗೆ ಬಲೆಗೆ ಮೀನೇ ಬೀಳದಂತಾಯಿತು. ನಾವು ಹಿಡಿದದ್ದು ಹೆಚ್ಚಾಯ್ತೋ, ಸಮುದ್ರವೇ ಬದಲಾಯ್ತೋ ಅಂತ ವಾದ ಎದ್ದಿತು. ಅದನ್ನು ತಿಳಿಯಲು 1949ರಲ್ಲಿ ಕ್ಯಾಲ್‌ಕೋಫಿ ಎಂಬ ಸಮೀಕ್ಷೆ ಶುರುವಾಯಿತು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ಸಂಸ್ಥೆ ಅದರ ಪಾಲುದಾರ.

ಮೀನು ಬದುಕಲು ನೀರಿನಲ್ಲಿ ಆಮ್ಲಜನಕ ಬೇಕು. ಆದರೆ ಕಣ್ಣಿಗೆ ಕಾಣದ ಗಾಳಿಯನ್ನು ಆಳದ ನೀರಿನಲ್ಲಿ ಅಳೆಯೋದು ಹೇಗೆ? ದಾರಿ ತೋರಿಸಿದವನು ಹಂಗೇರಿಯ ಲಾಯೋಶ್ ವಿಂಕ್ಲರ್, 1888ರಲ್ಲಿ. ಬಾಟಲಿಯ ನೀರಿಗೆ ಮ್ಯಾಂಗನೀಸ್ ಲವಣ, ಕ್ಷಾರ, ಅಯೋಡೈಡ್ ಹಾಕಿದರೆ ಆಮ್ಲಜನಕ ಮ್ಯಾಂಗನೀಸನ್ನು ಹಿಡಿದು ಕಂದು ಮಡ್ಡಿಯಾಗಿ ಕೂರುತ್ತೆ. ಆಮೇಲೆ ಆಸಿಡ್ ಹಾಕಿದರೆ ಮಡ್ಡಿ ಕರಗಿ, ಇದ್ದ ಆಮ್ಲಜನಕಕ್ಕೆ ಸರಿಯಾದಷ್ಟೇ ಅಯೋಡಿನ್ ಹೊರಬರುತ್ತೆ. ಆ ಅಯೋಡಿನ್ ಎಷ್ಟು ಅಂತ ಎಣಿಸೋದೇ ಸೋಡಿಯಂ ಥಯೋಸಲ್ಫೇಟ್. ಬ್ಯುರೆಟ್ಟಿನಿಂದ ತೊಟ್ಟು ತೊಟ್ಟಾಗಿ ಬಿಡುತ್ತಾ ಹೋಗಿ, ಬಣ್ಣ ತಿಳಿಹಳದಿ ಆದಾಗ ಗಂಜಿ ಹಾಕಿದರೆ ಕಡುನೀಲಿ ಆಗುತ್ತೆ. ಆ ನೀಲಿ ಮಾಯವಾದ ಕ್ಷಣಕ್ಕೆ ನಿಲ್ಲಿಸಬೇಕು. ಪಿಯುಸಿ ಸೈನ್ಸ್ ಓದಿದವರಿಗೆ ನೆನಪಿರಬಹುದು.

ಈ ಥಯೋಸಲ್ಫೇಟ್ ಬೇರೇನಲ್ಲ, ಹಳೇ ಫೋಟೋ ಸ್ಟುಡಿಯೋಗಳ ಹೈಪೊ. ಬೆಳ್ಳಿಯ ಲವಣವನ್ನು ಇದು ಕರಗಿಸುತ್ತೆ ಅಂತ 1819ರಲ್ಲೇ ಜಾನ್ ಹರ್ಷೆಲ್ ಕಂಡುಕೊಂಡಿದ್ದ. ಹಾಲಿವುಡ್ಡಿನ ಲ್ಯಾಬುಗಳಲ್ಲೂ ಫಿಲಂ ತೊಳೆಯೋಕೆ ಇದೇ ಬೇಕಿತ್ತು. ಅಯೋಡಿನ್ ಕೂಡ ಇಲ್ಲಿಗೆ ಹೊಸದಲ್ಲ, 1930ರ ದಶಕದಲ್ಲಿ ಲಾಂಗ್ ಬೀಚ್ ಸುತ್ತಲಿನ ಎಣ್ಣೆಬಾವಿಗಳ ಉಪ್ಪುನೀರಿನಿಂದ ತೆಗೆಯುತ್ತಿದ್ದರು.

ಆದರೆ ಹೈಪೊ ಭರವಸೆಯ ಆಳಲ್ಲ. ಒಂದು ಹರಳಿನಲ್ಲಿ ಐದು ಪಾಲು ನೀರು ಸೇರಿರುತ್ತೆ, ಒಣಗಾಳಿಗೆ ಅದು ಹಾರಿಹೋಗುತ್ತೆ. ಹಾಗಾಗಿ ಲೀಟರಿಗೆ 24.8 ಗ್ರಾಂ ತೂಗಿ ಹಾಕಿದರೂ ಅದು ಖಂಡಿತ 0.1 ನಾರ್ಮಲ್ ಅಂತ ಹೇಳೋಕಾಗಲ್ಲ. ಕರಗಿಸಿದ ಮೇಲೂ ಸುಮ್ಮನಿರಲ್ಲ. ನೀರಲ್ಲಿ ಆಮ್ಲದ ಅಂಶವಿದ್ದರೆ, ಬ್ಯಾಕ್ಟೀರಿಯಾ ಸೇರಿದರೆ ಒಡೆದು ಗಂಧಕ ಬಿಡುತ್ತೆ. ಅದಕ್ಕೇ ಕುದಿಸಿ ಆರಿಸಿದ ನೀರು, ಒಂದು ಚಿಟಿಕೆ ಸೋಡಿಯಂ ಕಾರ್ಬೊನೇಟ್, ಕಂದು ಬಾಟಲಿ, ಒಂದೆರಡು ದಿನದ ಕಾಯುವಿಕೆ. ಇಷ್ಟಾದರೂ ಅದರ ಮಾತನ್ನು ನಂಬಲ್ಲ. ಚೆನ್ನಾಗಿ ಒಣಗಿಸಿದ ಶುದ್ಧ ಪೊಟ್ಯಾಸಿಯಂ ಅಯೋಡೇಟನ್ನು ಲೀಟರಿಗೆ 3.567 ಗ್ರಾಂ ತೂಗಿ ದ್ರಾವಣ ಮಾಡಿದರೆ ಅದು ನಿಜವಾಗಿ 0.1 ನಾರ್ಮಲ್, ಅದು ಬದಲಾಗಲ್ಲ. ಅದಕ್ಕೆ ಅಯೋಡೈಡ್, ಆಸಿಡ್ ಸೇರಿಸಿದರೆ ಲೆಕ್ಕ ಗೊತ್ತಿರುವಷ್ಟು ಅಯೋಡಿನ್ ಬರುತ್ತೆ. ಆ ಅಯೋಡಿನ್ನಿಗೆ ಹೈಪೊ ಎಷ್ಟು ಖರ್ಚಾಯ್ತು ನೋಡಿ ಅದರ ನಿಜ ಶಕ್ತಿ ಬರೆದಿಡುತ್ತಾರೆ. ಹಡಗಿನಲ್ಲೂ ಇದನ್ನು ಮತ್ತೆ ಮತ್ತೆ ಮಾಡಬೇಕು.

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಕೆಮಿಸ್ಟ್ರಿ ನನ್ನ ಕಸುಬಲ್ಲ. ಆದರೆ ಈ ಭಾಗ ತಟ್ಟನೆ ಅರ್ಥವಾಯ್ತು. ಲೈನ್ ಸತ್ತಿದೆ ಅಂತ ಟೆಸ್ಟರ್ ಹೇಳಿದರೆ ಸಾಲದು, ಮೊದಲು ಕರೆಂಟ್ ಇರೋ ಜಾಗದಲ್ಲಿ ಟೆಸ್ಟರನ್ನೇ ಟೆಸ್ಟ್ ಮಾಡಬೇಕು.

ಇಷ್ಟು ಶಿಸ್ತಿನ ಬೆಲೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. 1984ರಿಂದ 2006ರವರೆಗಿನ ಕ್ಯಾಲ್‌ಕೋಫಿ ಅಳತೆಗಳನ್ನು ಕೂಡಿಸಿ ನೋಡಿ 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ 300 ಮೀಟರ್ ಆಳದಲ್ಲಿ ಆಮ್ಲಜನಕ ಸರಾಸರಿ 21 ಶೇಕಡಾ ಇಳಿದಿದೆ. ಉಸಿರುಕಟ್ಟುವ ನೀರಿನ ಗಡಿ ಕೆಲವೆಡೆ 90 ಮೀಟರಿನಷ್ಟು ಮೇಲೆ ಬಂದಿದೆ. 22 ವರ್ಷದಲ್ಲಿ ಅದೆಷ್ಟು ಬಾಟಲಿ ಹೈಪೊ ಖಾಲಿಯಾಗಿರಬೇಕು! ಒಂದೊಂದನ್ನೂ ಅಯೋಡೇಟಿನ ಎದುರು ನಿಲ್ಲಿಸದೇ ಇದ್ದಿದ್ದರೆ, ಇಳಿದದ್ದು ಸಮುದ್ರದ ಆಮ್ಲಜನಕವೋ, ಬಾಟಲಿಯ ಹೈಪೊ ಬದಲಾದದ್ದೋ ಅಂತ ಯಾರು ಹೇಳಬೇಕಿತ್ತು?

1965ರಲ್ಲಿ ಕಾರ್ಪೆಂಟರ್ ಎಂಬಾತ ವಿಧಾನವನ್ನು ಇನ್ನಷ್ಟು ಬಿಗಿ ಮಾಡಿದ. ಈಗ ಗಂಜಿಯ ನೀಲಿ ಬಣ್ಣಕ್ಕೆ ಕಾಯಲ್ಲ, ಅತಿನೇರಳೆ ಬೆಳಕು ಹಾಯಿಸಿ ಯಂತ್ರವೇ ಕೊನೆಯ ತೊಟ್ಟು ಗುರುತಿಸುತ್ತೆ. ನೀರಿಗೆ ಇಳಿಬಿಡುವ ಎಲೆಕ್ಟ್ರಾನಿಕ್ ಸೆನ್ಸರೂ ಬಂದಿದೆ, ನಮ್ಮ ಕಸುಬಿನವರಿಗೆ ಖುಷಿಯ ವಿಷಯ. ಆದರೆ ಆ ಸೆನ್ಸರ್ ದಿನ ಕಳೆದಂತೆ ಜಾರುತ್ತೆ. ಅದನ್ನು ಸರಿಪಡಿಸೋಕೆ ಇವತ್ತಿಗೂ ಬಾಟಲಿಯಲ್ಲಿ ನೀರು ತುಂಬಿ, ವಿಂಕ್ಲರನ ಹಾಗೆ ಹೈಪೊ ಬಿಟ್ಟೇ ನೋಡುತ್ತಾರೆ.